ಕಣದ ಪಕ್ಕದ ಹಲಸಿನ ಮರ, ಮತ್ತು ಅದನ್ನು ಬರೆಯಲು ಕಲಿಸಿದವರು

ಮೊನ್ನೆ ಭಾನುವಾರ ಅಪ್ಪನಿಗೆ 80 ತುಂಬಿತು. ನಾನು ಬರೆದ ಹಲಸಿನ ಮರದ ಚಿತ್ರಕ್ಕೆ ಕಟ್ಟು ಹಾಕಿಸಿ, ಅವರ ಮಂಚದ ಎದುರಿನ ಗೋಡೆಗೆ ತೂಗುಹಾಕಿದೆವು. ಜಲವರ್ಣದ ಚಿತ್ರ. 15 ಇಂಚು ಎತ್ತರ, 11 ಇಂಚು ಅಗಲ. ಅದನ್ನು ಬರೆಯಲು ಹಿಡಿದದ್ದು ಎರಡೇ ದಿನ. ಆದರೆ ಆ ಎರಡು ದಿನದವರೆಗೆ ಬಂದು ಮುಟ್ಟಲು ನನಗೆ 14 ತಿಂಗಳು ಬೇಕಾಯಿತು. ಆ 14 ತಿಂಗಳು ಜೊತೆಗಿದ್ದವರಿಗೆ ಎದುರಿಗೆ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಲ್ದೂರಿನ ಹತ್ತಿರ ನಮಗೆ ನಾಲ್ಕು ಎಕರೆ ಕಾಫಿ ತೋಟ ಇತ್ತು. ಅಪ್ಪನ ಮಂಡಿ ಕೈಕೊಟ್ಟಿತು, ಅಣ್ಣ ಬೆಂಗಳೂರು ಬಿಟ್ಟು ಬರುವ ಹಾಗಿರಲಿಲ್ಲ, ನಾನು ಚಿಕ್ಕಮಗಳೂರಿನಲ್ಲಿ ಸಂಸಾರ ಕಟ್ಟಿಕೊಂಡವಳು. ಕಳೆದ ವರ್ಷ ಮಾರ್ಚಿನಲ್ಲಿ ಮಾರಿದೆವು. ರಿಜಿಸ್ಟ್ರೇಷನ್ ಆದ ವಾರವೇ ಹೂಮಳೆ ಬಂತು. ಅದಾಗಿ ಎಂಟು ಹತ್ತು ದಿನಕ್ಕೆ ಗಿಡಗಳೆಲ್ಲ ಬೆಳ್ಳಗೆ ಹೂ ಬಿಟ್ಟಿರುತ್ತವೆ ಅಂತ ನಮಗೆಲ್ಲ ಗೊತ್ತಿತ್ತು. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

ಅಪ್ಪ ನಮ್ಮ ಮನೆಗೆ ಬಂದರು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದರು, ಮಲಗುತ್ತಿದ್ದರು. ಮಾತು ಮಾತ್ರ ನಿಂತೇ ಹೋಗಿತ್ತು. ಮೊಬೈಲಿನಲ್ಲಿದ್ದ ತೋಟದ ಫೋಟೋ ತೋರಿಸಿದೆ. ಒಂದು ನಿಮಿಷ ನೋಡಿ ವಾಪಸ್ ಕೊಟ್ಟರು. "ಇದ್ರಲ್ಲಿ ಮರ ಎಲ್ಲಿದೆ ಪುಟ್ಟಿ, ಬರೀ ಹಸಿರು" ಅಂದರು. ಆ ಮಾತು ಮನಸ್ಸಿನಲ್ಲೇ ಉಳಿಯಿತು. ಶಾಲೆ ಬಿಟ್ಟ ಮೇಲೆ ಬ್ರಷ್ ಮುಟ್ಟದವಳು, 46ನೇ ವಯಸ್ಸಿನಲ್ಲಿ ಬಣ್ಣದ ಡಬ್ಬಿ ತಂದೆ.

ಮೊದಲ ಧನ್ಯವಾದ ನಮ್ಮ ಬೀದಿಯ ಕೊನೆ ಮನೆಯ ಡ್ರಾಯಿಂಗ್ ಮೇಷ್ಟ್ರಿಗೆ. ನಿವೃತ್ತರು, ಪಾಠ ಹೇಳುವುದನ್ನು ಬಿಟ್ಟು ಎಷ್ಟೋ ವರ್ಷ ಆಗಿತ್ತು. ನಾನು ಕೇಳಿದಾಗ ಇಲ್ಲ ಅನ್ನಲಿಲ್ಲ, ಫೀಸು ಅಂತ ಒಂದು ರೂಪಾಯಿ ಮುಟ್ಟಲಿಲ್ಲ. ಮೊದಲ ದಿನ ನನ್ನ ಡಬ್ಬಿ ತೆರೆದು ಸ್ಯಾಪ್ ಗ್ರೀನ್ ಟ್ಯೂಬನ್ನು ಎತ್ತಿ ತಮ್ಮ ಜೇಬಿಗೆ ಹಾಕಿಕೊಂಡರು. "ಒಂದು ತಿಂಗಳು ಇದು ನನ್ನ ಹತ್ರ ಇರ್ಲಮ್ಮ. ಹಸಿರು ನೀವೇ ಮಾಡ್ಕೊಳ್ಳಿ" ಅಂದರು.

ಆ ತಿಂಗಳು ನಾನು ಬಣ್ಣ ಬೆರೆಸುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಅಲ್ಟ್ರಾಮರೀನ್ ನೀಲಿಗೆ ಲೆಮನ್ ಹಳದಿ ಹಾಕಿದರೆ ಒಂದು ಹಸಿರು. ಹಳದಿ ಜಾಸ್ತಿ ಆದರೆ ಹೊಸ ಚಿಗುರು, ನೀಲಿ ಜಾಸ್ತಿ ಆದರೆ ನೆರಳು. ಅದಕ್ಕೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಒಂದು ಚೂರು ಮುಟ್ಟಿಸಿದರೆ ಕಣ್ಣಿಗೆ ಹೊಡೆಯುವ ಹಸಿರು ತಣ್ಣಗಾಗಿ ಹಲಸಿನ ಎಲೆಯ ಬಣ್ಣಕ್ಕೆ ಇಳಿಯುತ್ತದೆ. ಹಳದಿ ಬಿಟ್ಟು ಬರೀ ಆ ನೀಲಿ, ಆ ಕಂದು ಎರಡನ್ನೇ ಬೆರೆಸಿದರೆ ಬೂದು ಬಣ್ಣ. ಸಿಲ್ವರ್ ಓಕಿನ ಕಾಂಡದ ಬಣ್ಣ ಅದೇ. ಹುಟ್ಟಿದಾಗಿನಿಂದ ಸಿಲ್ವರ್ ಓಕ್ ನೋಡಿದವಳು ನಾನು, ಆದರೂ ಮರದ ಕಾಂಡ ಅಂದರೆ ಕಂದು ಅಂತಲೇ ಬಳಿಯುತ್ತಿದ್ದೆ. ಬೂದು ಅಂತ ಕಂಡದ್ದು ಅವತ್ತೇ.

ಮೇಷ್ಟ್ರು ಕಲಿಸಿದ್ದರಲ್ಲಿ ಕಷ್ಟದ್ದು ಕಾಯುವುದು. ಒದ್ದೆ ಹಾಳೆಯ ಮೇಲೆ ಬಣ್ಣ ಬಿಟ್ಟರೆ ಅದು ತಾನೇ ಹರಡಿ ಎಲೆಗುಂಪಿನ ಹಾಗೆ ಮೆತ್ತಗೆ ಕೂರುತ್ತದೆ. ಅರ್ಧ ಆರಿದ ಮೇಲೆ ನೀರು ತುಂಬಿದ ಬ್ರಷ್ ಇಟ್ಟರೆ ಹೂಕೋಸಿನಂಥ ಕಲೆ ಏಳುತ್ತದೆ. ನನ್ನ ಮೊದಲ ಹತ್ತು ಮರಗಳಲ್ಲೂ ಆ ಹೂಕೋಸು ಇದೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡಬೇಕು. ಹೊಳೆಯುತ್ತಿದ್ದರೆ ಬಣ್ಣ ಬಿಡಬಹುದು. ಹೊಳಪು ಮಾಸುತ್ತಿದ್ದರೆ ಕೈ ಕಟ್ಟಿ ಕೂರಬೇಕು. ಪೂರ್ತಿ ಒಣಗಿತಾ ಅಂತ ತಿಳಿಯಲು ಅಂಗೈ ಅಲ್ಲ, ಬೆರಳಿನ ಹಿಂಬದಿ ತಾಗಿಸಬೇಕು. ತಣ್ಣಗಿದ್ದರೆ ಒಳಗೆ ಇನ್ನೂ ಪಸೆ ಇದೆ ಅಂತ. ಜುಲೈ ತಿಂಗಳ ನಮ್ಮೂರಿನ ಮಳೆಯಲ್ಲಿ ಅದು ಒಣಗುವುದೆಂದರೆ ಒಂದು ಬೆಳಗ್ಗೆಯೇ ಹೋಗುತ್ತಿತ್ತು. ಅಷ್ಟು ಹೊತ್ತು ಮೇಷ್ಟ್ರೂ ಜೊತೆಗೆ ಕೂರುತ್ತಿದ್ದರು. ಅವರ ಮನೆಯವರು ಕೊಟ್ಟ ಕಾಫಿಗೆ ಲೆಕ್ಕ ಇಟ್ಟಿಲ್ಲ. ಅವರಿಗೂ ನನ್ನ ನಮಸ್ಕಾರ.

ಕಾಗದದ ಅಂಗಡಿಯ ಅಣ್ಣನನ್ನು ಮರೆಯುವ ಹಾಗಿಲ್ಲ. ಶಾಲೆಯ ಡ್ರಾಯಿಂಗ್ ಹಾಳೆ ನೀರು ಬಿದ್ದ ಕೂಡಲೇ ಹಪ್ಪಳದ ಹಾಗೆ ಏಳುತ್ತದೆ. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹತ್ತಿ ಕಾಗದ ಬೇಕಿತ್ತು, ಅದರ ಬೆಲೆ ಕೇಳಿ ನಾನು ಹಿಂದೆ ಸರಿದಿದ್ದೆ. ಅವರು ನನಗೊಬ್ಬಳಿಗೋಸ್ಕರ ಬೆಂಗಳೂರಿನಿಂದ ತರಿಸಿದರು. 22 ಇಂಚು 30 ಇಂಚಿನ ದೊಡ್ಡ ಹಾಳೆಯನ್ನು ನಾಲ್ಕಾಗಿ ಕತ್ತರಿಸಿ, ಒಂದೊಂದು ತುಂಡನ್ನೇ ಮಾರಿದರು. ಅಪ್ಪನ ಮರ ಇರುವುದು ಅಂಥ ಒಂದು ತುಂಡಿನ ಮೇಲೆ.

ಇನ್ನು ನಮ್ಮ ತೋಟದಲ್ಲಿ ಮರಗಸಿ, ಅಂದರೆ ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಸವರುವ ಕೆಲಸ ಮಾಡುತ್ತಿದ್ದ ಅಣ್ಣ. ಇವರ ಬಗ್ಗೆ ಬರೆಯುವಾಗ ಕೈ ನಿಧಾನವಾಗುತ್ತದೆ. ನಾನು ಚಿಕ್ಕವಳಿದ್ದಾಗಿನಿಂದ ಆ ಮರಗಳನ್ನು ಹತ್ತಿದವರು. ಮಳೆಗಾಲಕ್ಕೆ ಮುಂಚೆ ಯಾವ ಕೊಂಬೆ ತೆಗೆಯಬೇಕು, ಯಾವುದು ಉಳಿಸಬೇಕು ಅಂತ ಕೆಳಗಿನಿಂದಲೇ ಹೇಳುವವರು. ನವೆಂಬರಿನಲ್ಲಿ ನನ್ನ ಚಿತ್ರಗಳನ್ನು ಅವರಿಗೆ ತೋರಿಸಿದೆ. ಎಲ್ಲ ಮರಗಳೂ ಎಲೆಕೋಸಿನ ಹಾಗೆ ಮುಚ್ಚಿಕೊಂಡಿದ್ದವು. ಏನೋ ಸರಿಯಿಲ್ಲ ಅಂತ ಗೊತ್ತಿತ್ತು, ಏನು ಅಂತ ಗೊತ್ತಿರಲಿಲ್ಲ. ಅವರು ಬಹಳ ಹೊತ್ತು ನೋಡಿದರು.

"ಅಕ್ಕಾ, ಈ ಮರದ ಕೆಳಗೆ ಕಾಫಿ ಬರಲ್ಲ" ಅಂದರು.

ಯಾಕೆ ಅಂತ ಕೇಳಿದೆ. "ಬಿಸಿಲು ಇಳಿಯೋಕೆ ಕಿಂಡಿನೇ ಬಿಟ್ಟಿಲ್ವಲ್ಲ. ಬಿಸಿಲು ಗಿಡದ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳಬೇಕು. ಅಷ್ಟು ಕಿಂಡಿ ಉಳಿಸೋದೇ ನಮ್ಮ ಕೆಲಸ."

ಎಲೆಗಳ ನಡುವೆ ಆಕಾಶ ಬಿಡಿ ಅಂತ ಮೇಷ್ಟ್ರು ಎಷ್ಟು ಸಲ ಹೇಳಿದ್ದರೋ. ಎಲ್ಲಿ ಬಿಡಬೇಕು ಅಂತ ತಿಳಿದದ್ದು ಈ ಮಾತಿನಿಂದ. ಅವತ್ತು ಅಣ್ಣ ನನ್ನನ್ನು ಮರದ ಕೆಳಗೆ ನಿಲ್ಲಿಸಿ ಬೆರಳು ತೋರಿಸಿ ಹೇಳಿದರು. ಕಿಂಡಿ ಕೊಂಬೆ ಕವಲೊಡೆಯುವ ಕಡೆ ಜಾಸ್ತಿ, ತುದಿಯಲ್ಲಿ ಸಣ್ಣದು. ಕಿಂಡಿಯೊಳಗೆ ಕೊಂಬೆ ಕಪ್ಪಗೆ ಕಾಣುತ್ತದೆ, ಆಮೇಲೆ ಎಲೆಯೊಳಗೆ ಮರೆಯಾಗಿ ಇನ್ನೊಂದು ಕಿಂಡಿಯಲ್ಲಿ ಮತ್ತೆ ಸಿಗುತ್ತದೆ. ಗಾಳಿ ಬಂದಾಗ ಸಿಲ್ವರ್ ಓಕಿನ ಎಲೆ ಮಗುಚಿ ಬೆಳ್ಳಗೆ ಮಿಂಚುವುದನ್ನೂ ಅವರೇ ತೋರಿಸಿದರು. ಆ ಮಿಂಚಿಗೆ ಬಣ್ಣ ಬೇಡ. ಬ್ರಷ್ಷಿನ ನೀರು ಒರೆಸಿ, ಒಣ ಹಾಳೆಯ ಮೇಲೆ ಅಡ್ಡ ಮಲಗಿಸಿ ಎಳೆದರೆ ಅಲ್ಲಲ್ಲಿ ಕಾಗದದ ಬಿಳಿ ತಾನೇ ಉಳಿಯುತ್ತದೆ. ಮನೆಗೆ ಬಂದು ಅವತ್ತೇ ರಾತ್ರಿ ಬರೆದ ಮರವನ್ನು ಮೇಷ್ಟ್ರು ನೋಡಿ, ಏನೂ ತಿದ್ದದೆ ವಾಪಸ್ ಕೊಟ್ಟರು. ಅಣ್ಣಾ, ಆ ಮರ ನಿಮ್ಮದು.

ತೋಟ ಕೊಂಡವರಿಗೂ ನಾನು ಋಣಿ. ಮಾರಿದ ಜಾಗಕ್ಕೆ ಬಣ್ಣದ ಡಬ್ಬಿ ಹಿಡಿದು ಮತ್ತೆ ಮತ್ತೆ ಬರುವವಳಿಗೆ ಗೇಟು ತೆರೆದರು. ಒಂದು ಸಲವೂ ಯಾಕೆ ಅಂತ ಕೇಳಲಿಲ್ಲ. ಕಣದ ಪಕ್ಕದ ಹಲಸನ್ನು ಕಡಿಯುವುದಿಲ್ಲ ಅಂತ ಅವರಾಗಿಯೇ ಹೇಳಿದ ದಿನ, ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅತ್ತಿದ್ದೇನೆ.

ಶನಿವಾರ ಸಂಜೆ ಚಿಕ್ಕಮಗಳೂರಿನ ರತ್ನಗಿರಿ ಬೋರೆ ಗುಡ್ಡಕ್ಕೆ ಜೊತೆ ಬಂದ ಮೂವರು ಗೆಳತಿಯರು, ನಿಮಗೂ. ದೂರದ ಮರ ಹಸಿರಲ್ಲ, ನೀಲಿ ಅಂತ ಅಲ್ಲಿಂದ ಗಿರಿಯ ಸಾಲು ನೋಡುತ್ತಾ ನಾವೆಲ್ಲ ಒಟ್ಟಿಗೆ ಕಲಿತೆವಲ್ವಾ. ಊಟದ ಮೇಜನ್ನು ವರ್ಷವಿಡೀ ನನಗೆ ಬಿಟ್ಟುಕೊಟ್ಟು ನೆಲದ ಮೇಲೆ ಊಟ ಮಾಡಿದ ಗಂಡ, ಮಗಳು, ನಿಮಗೆ ಮನೆಯಲ್ಲೇ ಹೇಳುತ್ತೇನೆ.

ಭಾನುವಾರ ಅಪ್ಪ ಚಿತ್ರದ ಮುಂದೆ ಕುರ್ಚಿ ಹಾಕಿಸಿಕೊಂಡರು. ಯಾವ ಮರ ಅಂತ ನಾನು ಹೇಳಿರಲಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡರು. ಬುಡದಿಂದ ನೋಡುತ್ತಾ ಮೇಲೆ ಹೋದರು, ಮತ್ತೆ ಕೆಳಗೆ ಬಂದರು.

"ಏಣಿ ಎಲ್ಲಿ ಹೋಯ್ತು? ಕಣದ ಕಡೆಗೆ ಒರಗಿಸಿರ್ತಿದ್ನಲ್ಲ" ಅಂದರು.

ಕಾಳುಮೆಣಸು ಕುಯ್ಯುವ ಬಿದಿರಿನ ಏಣಿ. ವರ್ಷಪೂರ್ತಿ ಆ ಹಲಸಿಗೇ ಒರಗಿಕೊಂಡಿರುತ್ತಿತ್ತು. ಆಮೇಲೆ ಅದನ್ನು ಯಾರು ಕಟ್ಟಿದ್ದು, ಯಾವ ವರ್ಷ ಎಷ್ಟು ಮೆಣಸು ಬಂದಿತ್ತು, ಯಾವ ಕೊಂಬೆಯ ಹಲಸು ಸಿಹಿ, ಎಲ್ಲ ಹೇಳಿದರು. ಮಧ್ಯಾಹ್ನದ ಊಟ ಆರಿಹೋಯಿತು, ಯಾರೂ ಎಬ್ಬಿಸಲಿಲ್ಲ.

ಇವತ್ತು ಚಿತ್ರವನ್ನು ಗೋಡೆಯಿಂದ ಇಳಿಸಿ ಕಟ್ಟು ಬಿಚ್ಚಿದ್ದೇನೆ. ಕಣ ಇರುವುದು ಎಡಗಡೆ. ಅಲ್ಲಿ ಹಾಳೆ ತಿಳಿಯಾಗಿಯೇ ಇದೆ, ಏಣಿಗೆ ಜಾಗ ಆಗುತ್ತದೆ. ಎಷ್ಟು ಮೆಟ್ಟಿಲು ಅಂತ ಅಪ್ಪನನ್ನು ಕೇಳಿಕೊಂಡು ಬಂದು ಬರೆಯಬೇಕು.