ಇನ್ನೂ ಹಸಿ ಇರುವ ತೋಟ

ಮಾರಾಯ,

ನಾನು ಬಿಡಿಸಿದ ಚಿತ್ರದ ಫೋಟೋ ಕಳಿಸು ಅಂತ ಕೇಳುತ್ತಲೇ ಇದ್ದೀಯ. ಬಣ್ಣ ಇನ್ನೂ ಹಸಿ, ಫೋಟೋದಲ್ಲಿ ಬರೀ ಹೊಳಪು ಬರುತ್ತೆ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಓದುತ್ತಾರೆ, ಓದಲಿ ಬಿಡು.

ಎಣ್ಣೆಬಣ್ಣ ಶುರು ಮಾಡಿದೆ. ಶಿವಮೊಗ್ಗದಲ್ಲಿ ಸಿಕ್ಕಿದ್ದರಲ್ಲಿ ಅಗ್ಗದ ಡಬ್ಬಿ, ಬೆರಳುದ್ದದ 12 ಟ್ಯೂಬು. ಅಗಸೆ ಎಣ್ಣೆಯ ಪುಟ್ಟ ಬಾಟಲಿ, ಕ್ಯಾನ್ವಾಸ್ ಅಂಟಿಸಿದ ರಟ್ಟು. ಬಚ್ಚಲಿಗೆ ಹಾಕಿ ಉಳಿದ ಟೈಲ್ಸ್ ತುಂಡೇ ಪ್ಯಾಲೆಟ್. ಡಬ್ಬಿಯಲ್ಲಿದ್ದ ಹಸಿರು ಬಣ್ಣ, ಪ್ಲಾಸ್ಟಿಕ್ ಬಕೆಟ್ಟಿನ ಹಾಗಿತ್ತು. ಅದನ್ನು ಬಿಟ್ಟು ಅಲ್ಟ್ರಾಮರೀನ್ ನೀಲಿಗೆ ಲೆಮನ್ ಯೆಲ್ಲೋ ಬೆರೆಸಿದೆ, ಚೂರು ಬರ್ಂಟ್ ಅಂಬರ್ ಅನ್ನೋ ಕಂದು ಸೇರಿಸಿದೆ. ಮಳೆಗಾಲದ ಅಡಿಕೆ ಸೋಗೆಯ ಹಸಿರು ಬಂತು! ನೀನು ಪಕ್ಕದಲ್ಲಿ ಇರಬೇಕಿತ್ತು.

ಈ ಬಣ್ಣ ನೀರಿನ ಬಣ್ಣದಂತೆ ಆರುವುದಿಲ್ಲ. ಎಣ್ಣೆ ಗಾಳಿಯಿಂದ ಆಮ್ಲಜನಕ ಎಳೆದುಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಅಂಬರ್ ಬೇಗ, ಬಿಳಿ ತಡ. ತೀರ್ಥಹಳ್ಳಿ ಕಡೆಯ ಆಷಾಢದ ಮಳೆಯಲ್ಲಿ ಕೇಳಲೇಬೇಡ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬಾರದು, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹಾಗಾಗಿ ಜಗಲಿಯ ತಂತಿ ತುಂಬ ಈಗ ಬಣ್ಣದ ಚಿಂದಿಗಳು. ಅಮ್ಮ ಏನೂ ಅಂದಿಲ್ಲ.

ಬಿಡಿಸಿದ್ದು ನಮ್ಮ ತೋಟ, ಬಸಿಗಾಲುವೆ ಕಡೆಯಿಂದ. ಕೊಳೆರೋಗಕ್ಕೆ ಔಷಧಿ ಹೊಡೆದ ಅಡಿಕೆ ಗೊಂಚಲುಗಳ ಮೇಲೆ ಮೈಲುತುತ್ತ, ಸುಣ್ಣದ ತೆಳು ನೀಲಿ ಕೂತಿರುತ್ತಲ್ಲ, ಅದನ್ನೂ ಹಾಕಿದೆ. ಅಪ್ಪ ಬಂದು ತುಂಬಾ ಹೊತ್ತು ನೋಡಿದರು. "ಇದು ಯಾವಾಗಿನ ತೋಟ?" ಅಂದರು. ಕೊಂಕು ಇರಲಿಲ್ಲ, ನಿಜವಾಗಿಯೂ ಕೇಳಿದರು.

ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ಮರಗಳ ಕೆಳಗಿನ ಸೋಗೆಗಳು ಹಸಿರಾಗಿಲ್ಲ. ಮೊದಲು ಕಂದು ಚುಕ್ಕಿ, ಸುತ್ತ ಹಳದಿ. ಆಮೇಲೆ ಚುಕ್ಕಿಗಳು ಕೂಡಿಕೊಂಡು ಸೋಗೆಯೇ ಒಣಗುತ್ತದೆ. ಅವೇ ಮರಗಳ ಎದುರು ಕೂತಿದ್ದೆ ನಾನು. ಕಣ್ಣ ಮುಂದೆ ಹಳದಿ ಇತ್ತು, ಕೈ ಹಸಿರನ್ನೇ ಕಲಸುತ್ತಿತ್ತು. ನಾವಿಬ್ಬರೂ ಅಡಿಕೆ ಹಾಳೆ ಎಳೆದುಕೊಂಡು ಓಡಾಡುತ್ತಿದ್ದ ಕಾಲದ ಹಸಿರು ಅದು.

ಇದನ್ನು ಹೇಳಬೇಕು ಅಂದುಕೊಂಡಿರಲಿಲ್ಲ. ತೋಟ ಕೊಟ್ಟುಬಿಡೋಣವಾ ಅಂತ ಅಪ್ಪ ಬೇಸಿಗೆಯಲ್ಲೇ ಕೇಳಿದ್ದರು. ನೋಡೋಣ ಅಂದೆ. ನಾನು ಬೇಡ ಅನ್ನಲಿ ಅಂತ ಅವರು ಕಾಯುತ್ತಿದ್ದಾರೆ, ನನಗೆ ಗೊತ್ತು. ಬೇಡ ಅಂದರೆ ನೋಡಿಕೊಳ್ಳಬೇಕಾದವನು ನಾನೇ ಅಲ್ವಾ? ಔಷಧಿ ಖರ್ಚು, ಮರ ಹತ್ತಿ ಅಡಿಕೆ ಇಳಿಸುವ ಕೊನೆಗಾರರಿಗೆ ಕಾಯುವುದು, ಇಷ್ಟೆಲ್ಲ ಮಾಡಿಯೂ ಮರ ಹೋದರೆ? ರಾತ್ರಿ ಅದೇ ಯೋಚನೆ. ಭಯ ಆಗುತ್ತೆ ಮಾರಾಯ. ಆದರೆ ಆ ರಟ್ಟಿನ ಮೇಲಿನ ಹಸಿರು ನೋಡಿದರೆ, ಕೊಡಲು ನನಗೆ ಮನಸ್ಸೇ ಇಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ. ನಿನಗೆ ಮೊದಲು ಹೇಳಿದೆ, ಅದೂ ಊರೆಲ್ಲ ಓದುವ ಜಾಗದಲ್ಲಿ.

ಬಣ್ಣ ಹಸಿ ಇರುವಾಗ ಚಾಕುವಿನಿಂದ ಕೆರೆದು ಮತ್ತೆ ಹಾಕಬಹುದು. ಕೆಳಗಿನ ಸೋಗೆಗಳಿಗೆ ಹಳದಿ ಹಾಕುತ್ತೇನೆ. ಸುಳಿ ಈಗಲೂ ಹಸಿರಾಗೇ ಇದೆ, ಅದನ್ನು ಮುಟ್ಟುವುದಿಲ್ಲ.

ಸಾಕು, ಜಾಸ್ತಿ ಆಯಿತು. ಶ್ರಾವಣದಲ್ಲಿ ಬಾ, ಅಮ್ಮ ಪತ್ರೊಡೆ ಮಾಡುತ್ತಾಳೆ. ಬರುವಾಗ ಬಿಳಿ ಬಣ್ಣದ ದೊಡ್ಡ ಟ್ಯೂಬು ತಾ, ಎಲ್ಲದಕ್ಕೂ ಬೆರೆಸಿ ಮೊದಲು ಮುಗಿಯುವುದು ಅದೇ. ಆ ಛತ್ರಿ ನಿನ್ನದೇ, ಇನ್ನು ವಾದ ಇಲ್ಲ. ಆಗುಂಬೆ ಬಸ್ಸಿನ ಹಲಸಿನಹಣ್ಣಿನ ವಿಷಯ ಮಾತ್ರ ಅಮ್ಮನ ಎದುರು ತೆಗೆಯಬೇಡ.