ನಿನ್ನ ಡಾಕ್ಟರ್ ಯಾಕೆ ಒಬ್ಬನೇ ಇದ್ದಾನೆ?

ಪ್ರೀತಿಯ ತಂಗಿ,

ನಿನ್ನ ಸೀರಿಯಲ್‌ಗೆ ಬರೆದು ಕಳಿಸಿದ ಎಪಿಸೋಡ್‌ಗಳನ್ನು ಓದಿದೆ. ಸಂಭಾಷಣೆ ನಿನಗೆ ಒಲಿದಿದೆ, ಅದರ ಬಗ್ಗೆ ನಾನು ಹೇಳುವುದು ಏನೂ ಇಲ್ಲ. ತಕರಾರು ಇರುವುದು ಆಸ್ಪತ್ರೆಯ ದೃಶ್ಯದ ಬಗ್ಗೆ.

ಮಾನಿಟರಿನಲ್ಲಿ ಹೃದಯಬಡಿತದ ಗೆರೆ ನೇರವಾಗುತ್ತದೆ. ನಿನ್ನ ಡಾಕ್ಟರ್ ಓಡಿ ಬಂದು ಶಾಕ್ ಯಂತ್ರದ ಎರಡು ಹಿಡಿಕೆ, ಅಂದರೆ ಪ್ಯಾಡಲ್, ಹಿಡಿದು ಎದೆಗೆ ಶಾಕ್ ಕೊಡುತ್ತಾನೆ. ರೋಗಿ ಎಗರಿ ಬಿದ್ದು, ಕಣ್ಣು ಬಿಟ್ಟು, ಮಗಳ ಹೆಸರು ಕರೆಯುತ್ತಾನೆ. ಇದನ್ನು ಎಲ್ಲಿ ಕಲಿತೆ ಅಂತ ಕೇಳಬೇಕಾಗಿಲ್ಲ. ಬೇರೆ ಸೀರಿಯಲ್ ನೋಡಿಯೇ ಕಲಿತಿರುತ್ತೀಯ.

ಗೆರೆ ನೇರವಾದರೆ ಶಾಕ್ ಕೊಡುವುದಿಲ್ಲ. ಹೃದಯ ಲಯ ತಪ್ಪಿ ಅಡ್ಡಾದಿಡ್ಡಿ ನಡುಗುತ್ತಿರುವಾಗ, ಆ ನಡುಕ ನಿಲ್ಲಿಸಲು ಕೊಡುವುದು ಶಾಕ್. ನಡುಕವೇ ಇಲ್ಲದಿದ್ದರೆ ನಿಲ್ಲಿಸುವುದು ಏನನ್ನು? ಆಗ ಉಳಿಯುವುದು ಎದೆ ಒತ್ತುವುದು, ಉಸಿರು ಕೊಡುವುದು, ಅಡ್ರಿನಲಿನ್ ಅನ್ನುವ ಔಷಧಿ ಕೊಡುವುದು, ಹೀಗೆ ಯಾಕಾಯಿತು ಅಂತ ಹುಡುಕುವುದು.

ಇಷ್ಟೇ ಆಗಿದ್ದರೆ ಒಂದು ಸಾಲು ತಿದ್ದಿ ಕಳಿಸುತ್ತಿದ್ದೆ. ಆದರೆ ಆ ತಪ್ಪಿನಿಂದ ನಿನ್ನ ಕೈಯಿಂದ ಒಂದು ಒಳ್ಳೆಯ ದೃಶ್ಯವೇ ಜಾರಿಹೋಗಿದೆ. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ. ದೊಡ್ಡವರಾದರೆ ಪ್ರತಿ ಸಲ ಎದೆ ಕನಿಷ್ಠ 5 ಸೆಂಟಿಮೀಟರ್ ತಗ್ಗಬೇಕು. ಪಕ್ಕೆಲುಬು ಮುರಿಯುವುದೂ ಉಂಟು. ಒತ್ತುವವರಿಗೆ ಬೇಗ ಕೈ ಸೋಲುತ್ತದೆ, ಅದಕ್ಕೇ ಎರಡೆರಡು ನಿಮಿಷಕ್ಕೆ ಆಳು ಬದಲಾಗುತ್ತಾರೆ. ಒಬ್ಬರು ಉಸಿರು ನೋಡಿಕೊಳ್ಳುತ್ತಾರೆ, ಒಬ್ಬರು ಔಷಧಿ. ಇನ್ನೊಬ್ಬರ ಕೆಲಸ ಗಡಿಯಾರ ನೋಡಿ ಟೈಮ್ ಕೂಗುವುದು, ಬರೆದಿಡುವುದು. ತಂಡ ನಡೆಸುವವರು ಆದಷ್ಟು ಕೈ ಹಾಕದೆ ಹಾಸಿಗೆಯ ಕೊನೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿರುತ್ತಾರೆ. ನಿಲ್ಲಿಸೋಣ ಅನ್ನುವ ಮೊದಲು ಸುತ್ತ ಇದ್ದವರನ್ನು ಕೇಳುವುದುಂಟು: ಇನ್ನೇನಾದರೂ ತೋಚುತ್ತಾ ಯಾರಿಗಾದರೂ? ಯಾರೂ ಬಾಯಿ ಬಿಡುವುದಿಲ್ಲ. ಆ ಮೌನವನ್ನು ಬರೆಯುವ ಶಕ್ತಿ ನಿನಗಿದೆ, ಬರೆದದ್ದು ಮಾತ್ರ ಪ್ಯಾಡಲ್ ಹಿಡಿದ ಹೀರೋನನ್ನು.

ಇದರಿಂದ ಯಾರಿಗೆ ನಷ್ಟ ಅಂತೀಯಾ? 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದ ಮೂರು ಟಿವಿ ಕಾರ್ಯಕ್ರಮಗಳಲ್ಲಿ ಹೀಗೆ ಎದೆ ಒತ್ತಿಸಿಕೊಂಡವರಲ್ಲಿ ನೂರಕ್ಕೆ 75 ಮಂದಿ ಆ ಕ್ಷಣಕ್ಕೆ ಬದುಕಿದ್ದರು. ನಿಜವಾದ ಆಸ್ಪತ್ರೆಯಲ್ಲಿ ಬದುಕಿ ಮನೆಗೆ ಹೋಗುವವರು ಅದಕ್ಕಿಂತ ತುಂಬಾ ಕಡಿಮೆ. ಐಸಿಯು ಹೊರಗೆ ನಿಂತು 'ಮುಂದುವರಿಸಿ' ಅಥವಾ 'ಬೇಡ' ಅಂತ ಹೇಳಬೇಕಾದ ಮಗನ ತಲೆಯಲ್ಲಿ ಯಾವ ಲೆಕ್ಕ ಇರುತ್ತದೆ, ಯೋಚಿಸು.

ಈ ಒಂಟಿ ಹೀರೋ ಕಾಯಿಲೆ ಎಲ್ಲ ಸೀರಿಯಲ್‌ಗೂ ಇದೆ. ಒಬ್ಬನೇ ಪೊಲೀಸ್ ಬೆರಳಚ್ಚು ತೆಗೆಯುತ್ತಾನೆ, ಲ್ಯಾಬಿನಲ್ಲಿ ಕೂರುತ್ತಾನೆ, ಬಾಗಿಲು ಒದ್ದು ಕಳ್ಳನನ್ನೂ ಹಿಡಿಯುತ್ತಾನೆ. ಹ್ಯಾಕರ್ ಹತ್ತು ಸೆಕೆಂಡ್ ಕೀಬೋರ್ಡ್ ಕುಟ್ಟಿದರೆ ಮುಗೀತು. ಕೋರ್ಟಿನ ಬಗ್ಗೆ ಮಾತಾಡುವುದೇ ಬೇಡ. ಪೋಸ್ಟ್‌ಮಾರ್ಟಂ ಮಾಡಿದವರು 'ಸಾವು ರಾತ್ರಿ 10.15ಕ್ಕೆ' ಅನ್ನುತ್ತಾರೆ! ಮೈ ತಣ್ಣಗಾಗುವುದು, ಸೆಟೆಯುವುದು ಎಲ್ಲ ಆ ಜಾಗದ ಬಿಸಿ, ಮೇಲಿದ್ದ ಬಟ್ಟೆ, ಮೈಕಟ್ಟಿನ ಮೇಲೆ ಬದಲಾಗುತ್ತದೆ. ಅವರು ಹೇಳಬಹುದಾದದ್ದು ಇಷ್ಟು ಗಂಟೆಯಿಂದ ಇಷ್ಟು ಗಂಟೆಯ ನಡುವೆ ಅಂತ. ಕಥೆ ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು? ಆ ಗಂಟೆಗಳ ನಡುವೆ ಮೂವರ ಮೇಲೆ ಅನುಮಾನ ಬರುವ ಹಾಗೆ ಮಾಡಬಹುದು. 10.15 ಅಂದರೆ ಒಬ್ಬನೇ ಸಿಗುತ್ತಾನೆ.

ಎಲ್ಲದಕ್ಕೂ ತಕರಾರು ತೆಗೆಯುವವ ನಾನಲ್ಲ. ಮೂರು ವಾರ ಹಿಡಿಯುವ ಲ್ಯಾಬ್ ರಿಪೋರ್ಟ್ ಮುಂದಿನ ದೃಶ್ಯಕ್ಕೇ ಬರಲಿ, ಪರವಾಗಿಲ್ಲ. ಆದರೆ ಯಾರೋ ಕಾದಿದ್ದಾರೆ ಅನ್ನುವುದು ಮುಖದಲ್ಲಾದರೂ ಕಾಣಲಿ.

ಇನ್ನು, ಡಾಕ್ಟರಿಗೋ ವಕೀಲರಿಗೋ ಸ್ಕ್ರಿಪ್ಟ್ ಕೊಟ್ಟು 'ಸರಿ ಇದೆಯಾ?' ಅಂತ ಕೇಳಬೇಡ. ದಾಕ್ಷಿಣ್ಯಕ್ಕೆ ಎರಡು ಪದ ತಿದ್ದಿ ವಾಪಸ್ ಕೊಡುತ್ತಾರೆ, ಅಷ್ಟೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾವುದಕ್ಕೆ ಜಾಸ್ತಿ ಬೈಸಿಕೊಂಡಿರಿ ಅಂತ ಕೇಳು. ಆಪರೇಷನ್ ಥಿಯೇಟರಿನವರನ್ನು ಹಾಗೆ ಕೇಳಿದರೆ ಕೈ ತೊಳೆಯುವುದರ ಕಥೆ ಬರುತ್ತದೆ. ಟೋಪಿ, ಮಾಸ್ಕ್ ಮೊದಲೇ ಹಾಕಿಕೊಂಡಿರಬೇಕು. ನೀರು ಮೊಣಕೈ ಕಡೆಗೆ ಇಳಿಯುವ ಹಾಗೆ ಕೈ ಮೇಲೆತ್ತಿ ಹಿಡಿದು, ಬೆನ್ನಿನಿಂದ ಬಾಗಿಲು ತಳ್ಳಿ ಒಳಗೆ ಬರಬೇಕು. ಗೌನಿನ ಹಿಂದಿನ ದಾರ ಇನ್ನೊಬ್ಬರೇ ಕಟ್ಟಬೇಕು. ಏನಾದರೂ ಮುಟ್ಟಿದರೆ ಮತ್ತೆ ಮೊದಲಿನಿಂದ. ಸೀರಿಯಲ್ ಸರ್ಜನ್ ಇಷ್ಟೆಲ್ಲ ಆದಮೇಲೆ ಹಾಯಾಗಿ ಮಾಸ್ಕ್ ಸರಿಮಾಡಿಕೊಳ್ಳುತ್ತಾನೆ!

ನಿನ್ನ ಮೂರನೇ ಎಪಿಸೋಡಿನಲ್ಲಿ ಡಾಕ್ಟರಿಗೆ ಅಪ್ಪ ತೀರಿಕೊಂಡ ಸುದ್ದಿ ಬರುತ್ತದೆ ಅಂದಿದ್ದೆಯಲ್ಲ. ಅವನು ಕೈ ತೊಳೆದು ನಿಂತಾಗಲೇ ಬರಲಿ. ಕಣ್ಣು ತುಂಬುತ್ತದೆ, ಒರೆಸಿಕೊಳ್ಳುವ ಹಾಗಿಲ್ಲ. ಒಳಗೆ ರೋಗಿ ಮಲಗಿದ್ದಾನೆ. ಕೇಸ್ ಬೇರೆಯವರಿಗೆ ಬಿಡುತ್ತಾನೋ, ಇಲ್ಲಾ ಪಕ್ಕದ ನರ್ಸ್ ಕಣ್ಣು ಒರೆಸುತ್ತಾಳೋ, ನೀನೇ ನೋಡಿಕೋ. ಸಂಭಾಷಣೆ ಮಾತ್ರ ಕಡಿಮೆ ಇರಲಿ.

ಚಾನೆಲ್‌ನವರು 'ಜನಕ್ಕೆ ಇದೆಲ್ಲ ಬೇಕಾ' ಅಂತಾರೆ. 'ಅದು ತಪ್ಪು ಸರ್' ಅಂತ ವಾದಕ್ಕೆ ಇಳಿಯಬೇಡ. ಆ ವಾದದಲ್ಲಿ ಬರಹಗಾರರು ಗೆದ್ದದ್ದನ್ನು ನಾನು ಕಂಡಿಲ್ಲ. ಎರಡು ಥರವೂ ಬರೆದು ನಟರ ಕೈಗೆ ಕೊಡು. ಮಾಡಲು ನಿಜವಾದ ಕೆಲಸ ಸಿಕ್ಕರೆ ನಟರಿಗೆ ಖುಷಿ. ನಿನ್ನ ಪರವಾಗಿ ಜಗಳ ಅವರೇ ಆಡುತ್ತಾರೆ.

ತಿದ್ದಿದ ಮೇಲೆ ಕಳಿಸು.

ನಿನ್ನ,
ಅಣ್ಣ