ಟಿಕೆಟ್ ಜೊತೆ ಬಸ್ಸನ್ನೂ ಕೇಳಿ

ಸಿದ್ದಾಪುರ, ಕೊಡಗು

ಪ್ರೀತಿಯ ಪುಟ್ಟಾ,

ಮೈಸೂರಿನ ಸಿಟಿ ಬಸ್ಸು ಎಲ್ಲರಿಗೂ ಉಚಿತವಾಗಬೇಕು ಅಂತ ನೀನೂ ನಿನ್ನ ಗೆಳೆಯರೂ ಸಹಿ ಸಂಗ್ರಹಿಸುತ್ತಿದ್ದೀರಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಓದುವ ಹುಡುಗರಿಗೆ ಇದೆಲ್ಲ ಯಾಕೆ ಅಂತ ಅವಳ ಆತಂಕ. ನನಗೆ ಹಾಗನ್ನಿಸಲಿಲ್ಲ. ದಿನಾ ಸ್ಟಾಪಿನಲ್ಲಿ ಕಾಯುವವರೇ ಬಸ್ಸಿನ ಬಗ್ಗೆ ಮಾತಾಡದಿದ್ದರೆ ಇನ್ಯಾರು ಮಾತಾಡಬೇಕು? ಮುಂದುವರಿಸು. ಉಚಿತ ಟಿಕೆಟ್ ಕೇಳುವಾಗ ಬಸ್ಸನ್ನೂ ಜೊತೆಗೇ ಕೇಳಿ ಅನ್ನುವುದಷ್ಟೇ ನನ್ನ ಮಾತು.

ಯಾಕೆ ಹೇಳುತ್ತೇನೆ ಅಂದರೆ, ನಮ್ಮ ಜಿಲ್ಲೆಯಲ್ಲಿ ಅದು ಕಣ್ಣಿಗೆ ಕಾಣುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಮಡಿಕೇರಿಯಿಂದ ಮೈಸೂರಿಗೆ ಹೋಗುವ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳು ಗುರುತಿನ ಚೀಟಿ ತೋರಿಸಿ ದುಡ್ಡಿಲ್ಲದೆ ಹೋಗುತ್ತಾರೆ. ದೊಡ್ಡಾಸ್ಪತ್ರೆಗೆ ಹೋಗಲು ಗಂಡನ ಮುಂದೆ ಕೈಚಾಚುವುದು ತಪ್ಪಿತು. ಇದು ಸಣ್ಣ ವಿಷಯವಲ್ಲ. ಆದರೆ ಶಕ್ತಿ ಇರುವುದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಒಳ ಊರುಗಳಿಗೆ ಜಾಸ್ತಿ ಓಡುವುದು ಖಾಸಗಿ ಬಸ್ಸು, ರೈಲಂತೂ ಕೊಡಗಿಗೇ ಇಲ್ಲ. ಹಾಗಾಗಿ ತೋಟದ ಲೈನ್‌ಮನೆಯ ಹೆಂಗಸು ಸಂತೆಗೆ ಬರಬೇಕಾದರೆ ಈಗಲೂ ಅರ್ಧ ಕೂಲಿ ಬಿಟ್ಟು, ದುಡ್ಡು ಕೊಟ್ಟೇ ಬರಬೇಕು. ಉಚಿತ ಪ್ರಯಾಣದ ಹಕ್ಕು ಅವಳಿಗೂ ಇದೆ. ಅವಳ ಊರಿಗೆ ಬರುವ ಸರ್ಕಾರಿ ಬಸ್ಸು ಇಲ್ಲ.

ನಿಮ್ಮ ಮೈಸೂರಿನಲ್ಲೂ ಇಂಥವರು ಇರುತ್ತಾರೆ. ಹೆಬ್ಬಾಳ, ಹೂಟಗಳ್ಳಿ ಕಡೆ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸುವವರಿಗೆ ಕೊನೇ ಬಸ್ಸು ಎಷ್ಟು ಹೊತ್ತಿಗೆ? ರಿಂಗ್ ರೋಡ್ ಆಚೆಯ ಹೊಸ ಬಡಾವಣೆಗಳಿಗೆ ಗಂಟೆಗೆ ಎಷ್ಟು ಬಸ್ಸು? ಕಾಲೇಜಿನ ಗೇಟಿನಲ್ಲಿ ನಿಂತು ಸಹಿ ಹಾಕಿಸಿದರೆ ಇವರು ಯಾರೂ ಸಿಗುವುದಿಲ್ಲ. ಅಲ್ಲಿಗೇ ಹೋಗಿ ಕೇಳಿ, ಬರೆದಿಟ್ಟುಕೊಳ್ಳಿ.

ಇನ್ನು ದುಡ್ಡು. ಫ್ರಾನ್ಸಿನಲ್ಲಿ ಡಂಕರ್ಕ್ ಅಂತ ಸಮುದ್ರದ ದಡದ ಊರಿದೆ. 2018ರ ಸೆಪ್ಟೆಂಬರಿನಲ್ಲಿ ಅಲ್ಲಿ ಬಸ್ಸು ಎಲ್ಲರಿಗೂ ಉಚಿತವಾಯಿತು. ಅದಕ್ಕೂ ಮೊದಲು ಬಸ್ ಓಡಿಸುವ ಖರ್ಚಿನಲ್ಲಿ ಟಿಕೆಟ್ಟಿನಿಂದ ಬರುತ್ತಿದ್ದದ್ದು ಶೇಕಡಾ 10ರಷ್ಟು ಮಾತ್ರ. ಉಳಿದದ್ದರಲ್ಲಿ ದೊಡ್ಡ ಪಾಲು ಕಂಪನಿಗಳು ಕಟ್ಟುವ ತೆರಿಗೆಯದ್ದು. ಉಚಿತ ಮಾಡುವಾಗ ಅವರು ಮಾರ್ಗಗಳನ್ನೂ ಹೊಸದಾಗಿ ಹಾಕಿದರು, ಮುಖ್ಯ ಮಾರ್ಗಗಳಲ್ಲಿ 10 ನಿಮಿಷಕ್ಕೊಂದು ಬಸ್ಸು ಬಿಟ್ಟರು. ಜನ ತುಂಬಿಕೊಂಡರು. ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ 2013ರಿಂದಲೇ ಅಲ್ಲಿನ ನಿವಾಸಿಗಳಿಗೆ ಉಚಿತ, ಆದರೆ ಶುರುವಿನಲ್ಲಿ ಬಸ್ ಹತ್ತುವವರು ಹೆಚ್ಚಾದದ್ದು ಸ್ವಲ್ಪವೇ. ನಮ್ಮ ನಿಗಮಗಳ ಲೆಕ್ಕ ಡಂಕರ್ಕ್‌ನಂತಲ್ಲ, ಟಿಕೆಟ್ ದುಡ್ಡು ಇಲ್ಲಿ ದೊಡ್ಡ ಆದಾಯ. ಅದು ನಿಂತರೆ ಡೀಸೆಲ್ಲಿಗೆ, ಸಂಬಳಕ್ಕೆ ಯಾರು ಕೊಡಬೇಕು ಅನ್ನುವುದನ್ನು ನಿಮ್ಮ ಮನವಿಯಲ್ಲೇ ಬರೆಯಿರಿ. ಅಧಿಕಾರಿ ಮೊದಲು ಕೇಳುವುದೇ ಅದನ್ನು.

ಬ್ರೆಜಿಲ್ ದೇಶದ ಹುಡುಗರ ಕಥೆಯನ್ನೂ ಓದು. ಅವರ ಸಂಘಟನೆ ಉಚಿತ ಬಸ್ಸಿಗಾಗಿ 2005ರಿಂದಲೇ ಕೆಲಸ ಮಾಡುತ್ತಿತ್ತು. 2013ರ ಜೂನಿನಲ್ಲಿ ಸಾವೊ ಪಾಲೊ ನಗರದಲ್ಲಿ ಟಿಕೆಟ್ ದರ 20 ಸೆಂಟಾವೊ, ಅಂದರೆ ಅಲ್ಲಿನ 20 ಪೈಸೆ, ಏರಿದಾಗ ಬೀದಿಗಿಳಿದರು. ಅದೇ ತಿಂಗಳು ಏರಿಕೆ ವಾಪಸಾಯಿತು. ಆದರೆ ಅಷ್ಟರಲ್ಲಿ ಬೇರೆ ಬೇರೆ ಸಿಟ್ಟಿನವರೆಲ್ಲ ಮೆರವಣಿಗೆಯಲ್ಲಿ ಸೇರಿಕೊಂಡಿದ್ದರು, ಬಸ್ಸಿನ ಮಾತು ಗದ್ದಲದಲ್ಲಿ ಕೇಳದಾಯಿತು. ನಿಮ್ಮ ಸಭೆಗೂ ಯಾರಾದರೂ ಬಾವುಟ ಹಿಡಿದು ಬರುತ್ತಾರೆ, ನೋಡುತ್ತಿರು. ಬರುವವರು ಬರಲಿ, ಬಸ್ಸಿನ ವಿಷಯ ಮಾತ್ರ ಕೈಬಿಡಬೇಡಿ.

ಕಂಡಕ್ಟರುಗಳನ್ನು ಎದುರು ಹಾಕಿಕೊಳ್ಳಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಉಚಿತ ಅಂದ ಕೂಡಲೇ ರಶ್ಶು, ಜಗಳ, ಬೈಗುಳ ಎಲ್ಲಾ ಮೊದಲು ಬೀಳುವುದು ಅವರ ತಲೆ ಮೇಲೆ. ಶಕ್ತಿಯ ಶೂನ್ಯ ಟಿಕೆಟ್ಟನ್ನು ಎಷ್ಟೋ ಜನ ಸುಮ್ನೆ ಕಾಗದ ಅಂದುಕೊಂಡಿದ್ದಾರೆ. ಸರ್ಕಾರದಿಂದ ನಿಗಮಕ್ಕೆ ದುಡ್ಡು ಬರುವುದು ಆ ಟಿಕೆಟ್ ಲೆಕ್ಕದ ಮೇಲೇ. ಕೇಳಿ ಪಡೆಯಿರಿ ಅಂತ ನೀವು ಹುಡುಗರೇ ಬಸ್ಸಿನಲ್ಲಿ ಹೇಳಬಹುದು, ಅಲ್ವಾ? ಡಿಪೋಗೆ ಹೋಗಿ ಡ್ರೈವರ್, ಕಂಡಕ್ಟರುಗಳ ಜೊತೆ ಕೂತು ಮಾತಾಡಿ. ಯಾವ ಮಾರ್ಗದಲ್ಲಿ ಎಷ್ಟು ಹೊತ್ತಿಗೆ ಜನ ನೇತಾಡುತ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಮನವಿಯ ಕರಡನ್ನು ಕೊಡುವ ಮೊದಲು ನನಗೂ ಒಂದು ಪ್ರತಿ ಕಳಿಸು. ಕೊಡಗಿನ ಒಳ ಊರುಗಳಿಗೂ ಸರ್ಕಾರಿ ಬಸ್ಸು ಬೇಕು ಅಂತ ಅದರಲ್ಲಿ ಒಂದು ಸಾಲು ಸೇರಿಸಲು ಆಗುವುದಾದರೆ ಇಲ್ಲಿನ ಸಹಿಗಳನ್ನು ನಾನು ಮಾಡಿಸಿಕೊಡುತ್ತೇನೆ.

ನಿನ್ನ
ದೊಡ್ಡಮ್ಮ